ಐವತ್ತು ರೂಪಾಯಿಯ ಹಾಜರಿ

ಓದುಗರ ಪತ್ರ: ಕಲಬುರಗಿಯಲ್ಲಿ ನನ್ನದೊಂದು ದಾಲ್ ಮಿಲ್ ಇದೆ. ಸಮಯಕ್ಕೆ ಸರಿಯಾಗಿ ಬಂದವರಿಗೆ ದಿನಕ್ಕೆ ಐವತ್ತು ರೂಪಾಯಿ ಇನಾಮು ಇಟ್ಟೆ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಕೈ ಬಿಗಿಯಾದಾಗ ನಿಲ್ಲಿಸಿದೆ. ಈಗ ಮೊದಲು ತಾವಾಗಿಯೇ ಬೇಗ ಬರುತ್ತಿದ್ದವರೂ ತಡವಾಗಿ ಬರುತ್ತಾರೆ. ಹೈದರಾಬಾದಿನಿಂದ ತರಬೇತುದಾರರನ್ನು ಕರೆಸಿದ್ದೂ ವ್ಯರ್ಥವಾಯಿತು. ನಮ್ಮ ಭಾಗದ ಜನರಿಗೆ ಮೈಗಳ್ಳತನ ರಕ್ತದಲ್ಲೇ ಇದೆ ಅನ್ನಿಸುತ್ತದೆ. ಯಾವ ಸಿದ್ಧಾಂತ ಹಿಡಿದರೆ ಇವರು ಬದಲಾಗುತ್ತಾರೆ? (ಹೆಸರು ಬೇಡ ಎಂದವರು)

ಸಂಪಾದಕರ ಉತ್ತರ:

ಸಾಹುಕಾರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ, ಸೋತ ಲೆಕ್ಕವನ್ನು ಇಷ್ಟು ಬಿಚ್ಚಿಟ್ಟ ನಿಮ್ಮ ಪ್ರಾಮಾಣಿಕತೆಗೆ ತಲೆದೂಗಿದೆ.

ಹಣದ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹೊಟ್ಟೆಗೆ ಸಾಲದ ಕೂಲಿ ಕೊಟ್ಟು ಉತ್ಸಾಹ ಕೇಳುವುದು ತಪ್ಪು. ಅಮೆರಿಕದ ಪಿಟ್ಸ್‌ಬರ್ಗ್‌ನ ಇನ್ನೂರಕ್ಕೂ ಹೆಚ್ಚು ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದೂ ಇದನ್ನೇ: ಸಂಬಳ ಸಾಲದಿದ್ದರೆ ಮನಸ್ಸು ಕೆಡುತ್ತದೆ. ಆದರೆ ಕೆಲಸದಲ್ಲಿ ಮನಸ್ಸು ನೆಡಬೇಕಾದರೆ ಹೊಣೆ ಬೇಕು, ಮಾಡಿದ್ದನ್ನು ಗುರುತಿಸುವವರು ಬೇಕು. ಹಣದ ಮಾತು ಇಲ್ಲಿಗೆ ಸಾಕು.

ನಿಮ್ಮ ಐವತ್ತು ರೂಪಾಯಿಯ ಕಥೆ ಹೊಸದಲ್ಲ. ಅಲ್ಲಿಯ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ ಏಳು ತುಂಡುಗಳನ್ನು ಜೋಡಿಸುವ ‘ಸೋಮಾ’ ಒಗಟನ್ನು ಕೊಟ್ಟರು. ಒಂದು ಗುಂಪಿಗೆ ನಡುವಿನ ಒಂದು ಸರದಿಯಲ್ಲಿ ಮಾತ್ರ, ಬಿಡಿಸಿದ ಒಗಟಿಗೊಂದು ಡಾಲರ್. ಮುಂದಿನ ಸರದಿಯಲ್ಲಿ ಹಣ ನಿಂತಿತು. ಬಿಡುವಿನ ಹೊತ್ತಿನಲ್ಲಿ ಆ ಹುಡುಗರು ಒಗಟನ್ನು ಮೊದಲಿನಷ್ಟು ಮುಟ್ಟಲಿಲ್ಲ. ಸುಮ್ಮನೆ ಬರುತ್ತಿದ್ದವನಿಗೆ ನೀವು ಬರುವುದಕ್ಕೊಂದು ದರ ಕಟ್ಟಿದಿರಿ. ದರ ಬಿತ್ತು, ಅವನೂ ತಡಮಾಡಿದ.

ನಾನು ಹಿಂದೆ ದುಡಿದ ಪತ್ರಿಕೆಯೊಂದರಲ್ಲಿ ಸುದ್ದಿಗಿಷ್ಟು ಎಂದು ಭತ್ಯೆ ಇಟ್ಟಿದ್ದರು. ಮರುವಾರದಿಂದ ಒಂದೇ ಸಭೆ ಮೂರು ಸುದ್ದಿಯಾಯಿತು: ಉದ್ಘಾಟನೆ ಒಂದು, ಭಾಷಣ ಒಂದು, ವಂದನಾರ್ಪಣೆ ಇನ್ನೊಂದು. ವಂದನಾರ್ಪಣೆ ಬರೆದವನು ನಾನೇ.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇರಲಿಲ್ಲ, ಬಸವಕಲ್ಯಾಣಕ್ಕೆ ಹೋಗಿಬಂದರೆ ಸಾಕಿತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ‘ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ’ ಎಂದು ಮಡದಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಿಮಗೂ ಗೊತ್ತು. ದುಡಿಮೆಯ ಅಳತೆಯನ್ನು ಅವರೇ ಇಟ್ಟುಕೊಂಡಿದ್ದರು, ಬೇರೆಯವರ ಕೈಗೆ ಕೊಟ್ಟಿರಲಿಲ್ಲ. (ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂದು ಬರೆಸಿ ಕೂಲಿ ಮುರಿಯುವವರು ಈ ಕಥೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಬಾರದು.)

ಇನ್ನು ಆ ‘ರಕ್ತ’ದ ಮಾತು. ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಮನುಷ್ಯ ಹುಟ್ಟಾ ಸೋಮಾರಿ ಎಂದು ನಂಬಿದ ಯಜಮಾನ ಕಾವಲು ಹಾಕುತ್ತಾನೆ, ಜನ ಕಾವಲು ತಪ್ಪಿಸಲು ಕಲಿಯುತ್ತಾರೆ, ಆಗ ‘ನಾನು ಹೇಳಿರಲಿಲ್ಲವೇ’ ಎನ್ನುತ್ತಾನೆ. ಆಡಳಿತ ಚಿಂತಕ ಡಗ್ಲಸ್ ಮೆಕ್‌ಗ್ರೆಗರ್ 1960ರಲ್ಲಿ ಇಂಥ ನಂಬಿಕೆಗೆ ‘ಥಿಯರಿ ಎಕ್ಸ್’ ಎಂದು ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ‘ಬಿಸಿಲ ನಾಡಿನ ಆಲಸ್ಯ’ ಎಂಬ ಹೆಸರಿದೆ. ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಗುಳೆ ಹೋದವರು ಬೆಂಗಳೂರು, ಮುಂಬೈ, ಪುಣೆಗಳಲ್ಲಿ ಮಹಡಿಯ ಮೇಲೆ ಮಹಡಿ ಎಬ್ಬಿಸುತ್ತಾರೆ. ಅವರ ರಕ್ತ ರೈಲಿನಲ್ಲಿ ಬದಲಾಗುತ್ತದೆಯೇ? ಇತ್ತ, ಶಿಕ್ಷೆಯ ವರ್ಗಾವಣೆ ಎಂದುಕೊಂಡು ಇಲ್ಲಿಗೆ ಬರುವ ಅಧಿಕಾರಿಗಳು ಮೊದಲ ದಿನದಿಂದಲೇ ಮರಳಿ ಹೋಗುವ ಅರ್ಜಿ ಬರೆಯುತ್ತ, ಇಲ್ಲಿನ ಜನರಿಗೆ ಹುಮ್ಮಸ್ಸಿಲ್ಲ ಎಂದು ವರದಿ ಕಳಿಸುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದರೂ ಈ ರೋಗ ಹೋಗಲಿಲ್ಲ.

ತರಬೇತುದಾರರು ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಮಾಸ್ಲೊ ಪಿರಮಿಡ್ಡು ತೋರಿಸಿರಬೇಕು. 1943ರ ಮಾಸ್ಲೊ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಹತ್ತಿರದ್ದನ್ನೇ ನೋಡಿ: ಬೀದರಿನ ಬಿದರಿ ಕುಶಲಕರ್ಮಿ, ಲೋಹಕ್ಕೆ ಕಪ್ಪು ತರುವ ಕೋಟೆಯ ಮಣ್ಣನ್ನು ನಾಲಿಗೆಗಿಟ್ಟು ಅದರ ಗುಣ ಹೇಳುತ್ತಾನೆ. ಆ ನಾಲಿಗೆಗೆ ಯಾರೂ ಇನಾಮು ಇಟ್ಟಿಲ್ಲ. ನಿಮ್ಮ ಗಿರಣಿಯಲ್ಲೂ ಎಣ್ಣೆ ಸವರಿ ಒಣಹಾಕಿದ ತೊಗರಿಯನ್ನು ಕಚ್ಚಿ ನೋಡಿ, ಇನ್ನೊಂದು ಬಿಸಿಲು ಬೇಕೆನ್ನುವ ಹಿರಿಯ ಇದ್ದೇ ಇರುತ್ತಾನೆ. ರಾಶಿ ಎತ್ತುವ ಹೊತ್ತನ್ನು ತೀರ್ಮಾನಿಸುವವರು ಯಾರು, ಅವನೋ ನೀವೋ? ಮೂರು ಪುಟದ ಪತ್ರದಲ್ಲಿ ಒಬ್ಬ ಕಾರ್ಮಿಕನ ಮಾತೂ ಇಲ್ಲ. ಏಕೆ ತಡವಾಯಿತೆಂದು ಅವರನ್ನೇ ಕೇಳಿ. ಬಸ್ಸಿನ ಸಮಯ ಬದಲಾಗಿದ್ದರೂ ಬದಲಾಗಿರಬಹುದು.

ಪತ್ರದ ಹಿಂಬದಿಯಲ್ಲಿ, ಬೇಗ ಚಂದಾ ಕಟ್ಟಿದವರಿಗೆ ರಿಯಾಯಿತಿ ಉಂಟೇ ಎಂದು ಕೇಳಿದ್ದೀರಿ. ಇತ್ತು. ಹೋದ ವರ್ಷ ನಿಲ್ಲಿಸಿದೆವು. ಅಂದಿನಿಂದ ತಾವಾಗಿಯೇ ಕಟ್ಟುತ್ತಿದ್ದವರೂ ತಡಮಾಡುತ್ತಿದ್ದಾರೆ.