ಮಳೆಗಾಲದಲ್ಲಿ 2020 ಅಳತೆಯ (2 × 2 ಮಿ.ಮೀ.) ಎಲ್‌ಇಡಿ ಬೆಸುಗೆ: ಐರನ್ ಕಾವು ಏರಿಸುವ ಮೊದಲು ಎಲ್‌ಇಡಿ ಒಣಗಿಸಿ

ಹೊಸನಗರದ ಮಿತ್ರರೇ, “ಚೌತಿಯ ಪ್ರಭಾವಳಿಗೆಂದು, ಒಂದೊಂದನ್ನೂ ಬೇರೆಯಾಗಿ ಹತ್ತಿಸಬಹುದಾದ 72 ಪುಟ್ಟ ಎಲ್‌ಇಡಿಗಳ ಮಾಲೆ ಮಾಡುತ್ತಿದ್ದೇನೆ, ಹದಿನೈದನೆಯದರಿಂದಾಚೆ ಕತ್ತಲೆ, ಅದನ್ನು ಮೂರು ಸಲ ಬದಲಿಸಿದರೂ ಹೊಸದು ಎರಡು ದಿನಕ್ಕಿಂತ ಹೆಚ್ಚು ಬಾಳುತ್ತಿಲ್ಲ, ಆದ್ದರಿಂದ ಈಗ ಐರನ್ನನ್ನು 430 ಡಿಗ್ರಿಗೆ ಇಟ್ಟು ಬೆಸೆಯುತ್ತಿದ್ದೇನೆ” ಎಂದು ನೀವು ಬರೆದಿದ್ದೀರಿ. ದಯವಿಟ್ಟು ಮೊದಲು ಐರನ್ನನ್ನು ಸ್ಟ್ಯಾಂಡಿಗೆ ಇಡಿ. ಉಳಿದವರೆಲ್ಲರೂ ನಿಮ್ಮ ಫೋಟೋದಲ್ಲಿನ ಬೆಸುಗೆಯ ಬೊಟ್ಟುಗಳನ್ನು ನೋಡಿ ಸಲಹೆ ಕೊಟ್ಟಿದ್ದಾರೆ. ನನ್ನ ಕಣ್ಣಿಗೆ ಬಿದ್ದದ್ದು ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿರುವ ಎಲ್‌ಇಡಿ ರೀಲು, ಅದರ ಪಕ್ಕದ ತೆರೆದ ಕಿಟಕಿ ಮತ್ತು ಕಿಟಕಿಯಾಚೆ ಸುರಿಯುತ್ತಿರುವ ಮಳೆ. ಮೊದಲ ಹದಿನಾಲ್ಕನ್ನು ಪ್ಯಾಕೆಟ್ ಒಡೆದ ದಿನವೇ ಬೆಸೆದೆ, ಉಳಿದವನ್ನು ಹದಿನೈದು ದಿನ ಬಿಟ್ಟು ಕೈಗೆತ್ತಿಕೊಂಡೆ ಎಂದು ನೀವೇ ಬರೆದಿರುವ ಸಾಲಿನಲ್ಲಿ ಉತ್ತರ ಅಡಗಿದೆ.

ಇದೇ ತಪ್ಪನ್ನು ನಾನು ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ, ಆಷಾಢದ ನಟ್ಟನಡುವೆ ಮಾಡಿದ್ದೆ. ಮಗಳ ಶಾಲೆಯ ವಸ್ತುಪ್ರದರ್ಶನಕ್ಕೆ ಜೋಗದ ಮಾದರಿಯೊಂದನ್ನು ಮಾಡಿ, ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಸೀಳುಗಳಿಗೆ ನಾಲ್ಕು ಸಾಲು ಎಲ್‌ಇಡಿ ಇಳಿಸಿ, 253 ಮೀಟರಿನ ಜಲಪಾತವನ್ನು ಅರ್ಧ ಮೀಟರಿನಲ್ಲಿ ಧುಮುಕಿಸಬೇಕೆಂಬುದು ನನ್ನ ಹುಮ್ಮಸ್ಸಾಗಿತ್ತು. ರಾತ್ರಿ ಬೆಸೆದು ಮುಗಿಸಿದಾಗ ನಾಲ್ಕೂ ಸಾಲು ಸೊಗಸಾಗಿ ಹರಿದವು. ಬೆಳಿಗ್ಗೆ ರಾಜಾ ಅರ್ಧದಲ್ಲೇ ನಿಂತಿತ್ತು. ಮರುದಿನ ರಾಣಿಯೂ ನಿಂತಿತು. ನಿಂತ ಎಲ್‌ಇಡಿಯ ಮೇಲೆ ಉಗುರಿನಿಂದ ಮೆಲ್ಲಗೆ ಒತ್ತಿದರೆ ಹತ್ತುತ್ತಿತ್ತು, ಉಗುರು ತೆಗೆದರೆ ಆರುತ್ತಿತ್ತು. ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇರಬೇಕೆಂದು ತಿಳಿದು, ನಿಮ್ಮಂತೆಯೇ ಕಾವು ಏರಿಸಿ ಮತ್ತೆ ಮತ್ತೆ ಬೆಸೆದೆ; ಬೆಸೆದಷ್ಟೂ ಸಾವು ಹೆಚ್ಚಿತು. ಕೊನೆಗೆ ವಾಚ್ ರಿಪೇರಿಯ ಲೆನ್ಸ್ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದಾಗ, ಪಾರದರ್ಶಕ ರಾಳದ ತಳದಲ್ಲಿ, ಕೂದಲಿಗಿಂತ ತೆಳುವಾದ ತಂತಿ ಲೋಹದ ಪಟ್ಟಿಗೆ ಕೂಡುವ ಜಾಗದಲ್ಲೇ, ಮೀನಿನ ಹುರುಪೆಯಂತೆ ಮಿನುಗುವ ಸಣ್ಣದೊಂದು ಪೊರೆ ಎದ್ದಿತ್ತು. ಅಷ್ಟರೊಳಗೆ ನಾನು ಎಲ್‌ಇಡಿ ಮಾರಿದ ಅಂಗಡಿಯವನಿಗೆ ಖಾರವಾಗಿ ಬರೆದು ಹಣ ವಾಪಸು ಪಡೆದಾಗಿತ್ತು. ಆತನದೇನೂ ತಪ್ಪಿರಲಿಲ್ಲವೆಂಬುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆಗುವುದು ಇಷ್ಟೇ. ಎಲ್‌ಇಡಿಯ ಮೈ ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ಬೆಸುಗೆಯ ಕಾವು ತಟ್ಟಿದಾಗ ಆ ತೇವ ಒಮ್ಮೆಗೇ ಆವಿಯಾಗಿ ರಾಳವನ್ನು ಲೋಹದ ಪಟ್ಟಿಯಿಂದ ಎಬ್ಬಿಸುತ್ತದೆ, ಎದ್ದ ರಾಳ ತನ್ನೊಳಗಿನ ತಂತಿಯನ್ನು ಜಗ್ಗಿ ಕೀಳುತ್ತದೆ ಅಥವಾ ಅರ್ಧ ಕಿತ್ತು ಬಿಡುತ್ತದೆ. ಅರ್ಧ ಕಿತ್ತದ್ದೇ ಎರಡು ದಿನ ಬದುಕಿ ಆಮೇಲೆ ಸಾಯುವಂಥದ್ದು. ಪ್ಯಾಕೆಟ್ಟಿನ ಮೇಲೆ ಎಂಎಸ್‌ಎಲ್ (ತೇವಕ್ಕೆ ಎಷ್ಟು ಬೇಗ ಕೆಡುತ್ತದೆ ಎಂಬ ಮಟ್ಟ) ಎಂದು ಬರೆದು ಪಕ್ಕದಲ್ಲಿ ಕೊಟ್ಟಿರುವ ಅಂಕಿಯನ್ನು ಯಾರೂ ಓದುವುದಿಲ್ಲ. ಅದು 3 ಆಗಿದ್ದರೆ ಪ್ಯಾಕೆಟ್ ಒಡೆದ ಮೇಲೆ ಬೆಸೆದು ಮುಗಿಸಲು 168 ಗಂಟೆ, 5ಎ ಆಗಿದ್ದರೆ ಬರೀ 24 ಗಂಟೆ ಅವಧಿ ಇರುತ್ತದೆ. ಅದೂ 30 ಡಿಗ್ರಿ ಉಷ್ಣತೆ, ಶೇ. 60 ಆರ್ದ್ರತೆಯ ಕೋಣೆಯಲ್ಲಿ. ಗೋಡೆ ಬೆವರುವ, ಮಡಿಸಿಟ್ಟ ಬಟ್ಟೆಗೆ ಬೂಸು ಹಿಡಿಯುವ ನಮ್ಮ ಮನೆಗಳಿಗೆ ಆ ಲೆಕ್ಕ ಅನ್ವಯಿಸುವುದೇ ಇಲ್ಲ. ಬೆಂಗಳೂರಿನವರ ವೀಡಿಯೋ ನೋಡಿಕೊಂಡು ಇಲ್ಲಿ ಬೆಸೆಯಬೇಡಿ ಎಂದು ನಾನು ಈ ಗುಂಪಿನಲ್ಲಿ ಹೇಳುತ್ತಿರುವುದು ಇದೇ ಮೊದಲಲ್ಲ.

ಒಣಗಿಸುವುದಕ್ಕೆ ನನ್ನದು ಬಲ್ಬ್ ಡಬ್ಬ. ದೊಡ್ಡ ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಪಿಂಗಾಣಿ ಹೋಲ್ಡರ್, ಅದರಲ್ಲಿ 40 ವಾಟಿನ ಹಳೆಯ ತಂತಿ ಬಲ್ಬ್, ಮುಚ್ಚಳದಲ್ಲಿ ಎರಡು ತೂತು, ಒಂದರಲ್ಲಿ ಥರ್ಮಾಮೀಟರ್. ತಂತಿ ಬಲ್ಬ್ ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಕೋಳಿಮರಿ ಸಾಕುವವರನ್ನು ಕೇಳಿ. ಬಲ್ಬಿಗೂ ಎಲ್‌ಇಡಿಗೂ ನಡುವೆ ಒಂದು ತಗಡಿನ ಅಡ್ಡ ಇರಲೇಬೇಕು, ಇಲ್ಲದಿದ್ದರೆ ಬಲ್ಬಿನ ಕಡೆಯವು ಬೆಂದು ಆಚೆಯವು ಹಸಿಯಾಗಿ ಉಳಿಯುತ್ತವೆ. ಒಳಗೆ 60ರಿಂದ 65 ಡಿಗ್ರಿ ನಿಲ್ಲುವಂತೆ ಮುಚ್ಚಳವನ್ನು ಸರಿಸಿ ಹೊಂದಿಸಿಕೊಂಡು 24 ಗಂಟೆ ಇಡಬೇಕು. ಕರೆಂಟ್ ಹೋದ ಹೊತ್ತನ್ನು ಲೆಕ್ಕದಿಂದ ಕಳೆಯಬೇಕು, ಅಂದರೆ ನಮ್ಮಲ್ಲಿ ಎರಡು ದಿನ ಎಂದೇ ತಿಳಿಯಿರಿ. ರೀಲಿನ ಪ್ಲಾಸ್ಟಿಕ್ ಪಟ್ಟಿ ಕಾವಿಗೆ ಸೊಟ್ಟಗಾಗುವುದರಿಂದ ನಾನು ಬೇಕಾದಷ್ಟನ್ನು ಬಿಡಿಸಿ ಸ್ಟೀಲ್ ತಟ್ಟೆಯಲ್ಲಿ ಹರಡುತ್ತೇನೆ. ಇದು 230 ವೋಲ್ಟಿನ ತಗಡಿನ ಡಬ್ಬ ಎಂಬುದನ್ನು ಮರೆಯಬೇಡಿ: ಡಬ್ಬಕ್ಕೆ ಅರ್ಥ್ ಕೊಡಿ, ವೈರ್ ಒಳಹೋಗುವ ತೂತಿಗೆ ರಬ್ಬರ್ ಬುಷ್ ಹಾಕಿ, ಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚಿಟ್ಟು ಹೋಗಬೇಡಿ. ಒಲೆಯ ಮೇಲಿನ ಹೊಗೆ ಅಟ್ಟದಲ್ಲಿಟ್ಟರೆ ಸಾಲದೇ ಎಂದು ಇಲ್ಲಿ ಒಬ್ಬರು ಕೇಳಿದ್ದರು. ಸಾಲದು. ನಾನು ಅದನ್ನೂ ಮಾಡಿ ನೋಡಿದ್ದೇನೆ, ಪ್ಯಾಡುಗಳ (ಎಲ್‌ಇಡಿಯ ತಳದಲ್ಲಿ ಬೆಸೆಯುವ ಲೋಹದ ಚುಕ್ಕೆಗಳ) ಮೇಲೆ ಕಪ್ಪು ಕೂತು ಬೆಸುಗೆಯೇ ಹಿಡಿಯಲಿಲ್ಲ. ಅಡಿಕೆ ಡ್ರೈಯರ್ ಕೂಡ ಬೇಡ, ಅದರ ಧೂಳಿಗೂ ಈ ಕೆಲಸಕ್ಕೂ ಹೊಂದುವುದಿಲ್ಲ.

ಒಣಗಿದವನ್ನು ಬಿಸಿ ಇರುವಾಗಲೇ ರಬ್ಬರ್ ವಾಷರ್ ಇರುವ ಬಾಟಲಿಗೆ ಹಾಕಿ, ಜೊತೆಗೆ ನೀಲಿ ಸಿಲಿಕಾ ಜೆಲ್ ಇಡಿ. ಜೆಲ್ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವ ತನಕ ಬಿಸಿ ಮಾಡಬಹುದು, ಆದರೆ ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಬಾರದು. ಅಕ್ಕಿ, ಉಪ್ಪು ಇತ್ಯಾದಿ ಅಜ್ಜಿಯ ಉಪಾಯಗಳು ಇಲ್ಲಿ ನಡೆಯುವುದಿಲ್ಲ. ಒಂದು ದಿನಕ್ಕೆ ಬೆಸೆಯುವಷ್ಟನ್ನೇ ಹೊರತೆಗೆಯಿರಿ.

ಇನ್ನು ನಿಮ್ಮ 430 ಡಿಗ್ರಿಯ ವಿಷಯ. ತಂತಿಯ ಮೇಲಿನ ಇನಾಮೆಲ್ (ವಿದ್ಯುತ್ ತಡೆಯುವ ತೆಳು ಹೊದಿಕೆ) ಸುಡಲೆಂದು ಅಷ್ಟು ಕಾವು ಇಟ್ಟಿದ್ದೀರಿ, ಏಕೆಂದರೆ ನೀವು ಬಳಸಿರುವುದು ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಂದ 36 ಗೇಜಿನ ತಂತಿ. ಪಂಪ್ ಮೋಟರಿನ ತಂತಿಗೆ ಹಚ್ಚುವ ಇನಾಮೆಲ್ ಕಾವು ತಡೆಯಲೆಂದೇ ಮಾಡಿದ್ದು. ಅದನ್ನು ಐರನ್ನಿನಿಂದ ಸುಡಲು ಹೊರಟರೆ ಇನಾಮೆಲ್‌ಗಿಂತ ಮೊದಲು ಎಲ್‌ಇಡಿ ಹೋಗುತ್ತದೆ. ಬೆಸೆಯುವ ಕಾವಿಗೇ ಕರಗುವ ಪಾಲಿಯುರೆಥೇನ್ ಹೊದಿಕೆಯ ತಂತಿ ಬೇರೆ ಸಿಗುತ್ತದೆ. ಅದನ್ನು ತರಿಸುವ ತನಕ, ಇರುವ ತಂತಿಯ ತುದಿಯನ್ನು ಬ್ಲೇಡಿನಿಂದ ಸುತ್ತಲೂ ಕೆರೆದು, ಎಲ್‌ಇಡಿಯಿಂದ ದೂರದಲ್ಲೇ ಸೋಲ್ಡರ್ ಹಚ್ಚಿಟ್ಟುಕೊಳ್ಳಿ. ಪಾಲಿಯುರೆಥೇನ್ ತಂತಿಯ ತುದಿಗೂ 390 ಡಿಗ್ರಿಯಲ್ಲಿ ಮೊದಲೇ ಸೋಲ್ಡರ್ ಹಚ್ಚಿಕೊಳ್ಳಬೇಕು, ಆಮೇಲೆ ಕಾವು ಇಳಿಸಿ ಎಲ್‌ಇಡಿಗೆ ಕೈ ಹಾಕಬೇಕು. ಎಲ್‌ಇಡಿಯ ಪ್ಯಾಡಿಗೆ 310 ಡಿಗ್ರಿ, ಎರಡು ಸೆಕೆಂಡ್, ಅಷ್ಟೇ. ಒಂದು ಪ್ಯಾಡ್ ಆದ ಮೇಲೆ ಪಕ್ಕದ ಎಲ್‌ಇಡಿಗೆ ಹೋಗಿ, ಇದು ಆರಿದ ಮೇಲೆ ಮರಳಿ ಬನ್ನಿ.

ಈ ಲೆಕ್ಕ 63/37 (ಶೇ. 63 ತವರ, ಶೇ. 37 ಸೀಸ) ಸೋಲ್ಡರಿಗೆ, ಅದು 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ ಸಾಮಾನ್ಯ ಸೋಲ್ಡರಿಗೆ 217 ದಾಟಬೇಕು. ಕಲಿಯುವವರಿಗೆ ಈ ಅಳತೆಯ ಎಲ್‌ಇಡಿಯಲ್ಲಿ ಅದು ಬೇಡವೆಂಬುದು ನನ್ನ ಮತ. ಆದರೆ ಸೀಸ ಮುಟ್ಟಿದ ಕೈಯಲ್ಲಿ ಎಲೆ ಅಡಿಕೆ ಹಾಕುವ ಅಭ್ಯಾಸ ನಮ್ಮವರಿಗಿದೆ, ಮೊದಲು ಕೈ ತೊಳೆಯಿರಿ. ಸೋಲ್ಡ್ರಾನ್ 25 ವಾಟಿನ ಐರನ್ ವೈರಿಂಗ್ ಕೆಲಸಕ್ಕೆ ಗಟ್ಟಿ ಆಳು, ನನ್ನ ಬಳಿಯೂ ಇದೆ, ಆದರೆ ಕಾವಿನ ಹತೋಟಿ ಇಲ್ಲದ ಯಾವ ಐರನ್ನನ್ನೂ ಎರಡು ಮಿಲಿಮೀಟರಿನ ಎಲ್‌ಇಡಿಗೆ ತಾಗಿಸಬೇಡಿ. ಕಾವಿನ ಹತೋಟಿ ಇರುವ ಪೈನ್‌ಸಿಲ್ ಐರನ್ ಸಾಕು, ಹಾಕೋ ಕಂಪನಿಯ ದುಬಾರಿ ಐರನ್ ಕೊಳ್ಳುವ ಹಣವಿದ್ದರೆ ಸಂತೋಷ, ಆದರೆ ಅದರಿಂದ ಹಸಿ ಎಲ್‌ಇಡಿ ಒಣಗುವುದಿಲ್ಲ. ಸೋಲ್ಡರ್ ಹಿಡಿಯಲು ನೆರವಾಗುವ ಫ್ಲಕ್ಸ್‌ಗೆ ದ್ರವರೂಪದ ರೋಸಿನ್ ಬಳಸಿ. ತಗಡಿನ ಪುಟ್ಟ ಡಬ್ಬಿಯ ಅಗ್ಗದ ಪೇಸ್ಟುಗಳಲ್ಲಿ ಕೆಲವು ಆಮ್ಲದ ಗುಣದವು, ನಮ್ಮ ತೇವದಲ್ಲಿ ಒಂದೇ ಮಳೆಗಾಲಕ್ಕೆ ತಂತಿಯನ್ನು ಹಸಿರು ಮಾಡಿ ತಿಂದುಹಾಕುತ್ತವೆ. ಧೂಪದ ರಾಳ ಆಗುತ್ತದೆಯೇ ಎಂದು ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ರೋಸಿನ್ ಪೈನ್ ಮರದ್ದು, ಧೂಪದ ರಾಳವನ್ನು ದೇವರ ಮುಂದೆ ಹಾಕಿ.

ಫೋಟೋದಲ್ಲಿ ನೀವು ಎಲ್‌ಇಡಿಯ ಲೆನ್ಸನ್ನು ಚಿಮುಟದಿಂದ ಅದುಮಿ ಹಿಡಿದಿದ್ದೀರಿ. ಅಲ್ಲಿ ಅದುಮಿದರೆ ಒತ್ತಡ ಒಳಗಿನ ತಂತಿಗೇ ಹೋಗುತ್ತದೆ. ಪಕ್ಕದ ಅಂಚುಗಳನ್ನು ಹಿಡಿಯಿರಿ. ನಾನು ಟೈಲ್ಸ್ ತುಂಡಿನ ಮೇಲೆ ಕಾವು ತಡೆಯುವ ಕ್ಯಾಪ್ಟಾನ್ ಟೇಪನ್ನು ಅಂಟು ಮೇಲಾಗಿ ಹಾಸಿ, ಎಲ್‌ಇಡಿಗಳನ್ನು ಮಗುಚಿ ಕೂರಿಸಿ, ಮೊದಲು ನಾಲ್ಕೂ ಪ್ಯಾಡಿಗೆ ಸೋಲ್ಡರ್ ಹಚ್ಚಿ, ಆಮೇಲೆ ತಂತಿಯ ಸರದಿಗೆ ಬರುತ್ತೇನೆ. ಇಲ್ಲೊಂದು ಬಲೆ ಇದೆ: ಡೇಟಾಶೀಟಿನ ಚಿತ್ರ ಮೇಲಿನಿಂದ ನೋಡಿದ್ದು, ಮಗುಚಿದಾಗ ಎಡಬಲ ಅದಲುಬದಲಾಗುತ್ತದೆ. ವಿದ್ಯುತ್ತಿನ ಎರಡು ಪ್ಯಾಡು ಒಂದು ಕರ್ಣದಲ್ಲಿ, ಡೇಟಾದ (ಬಣ್ಣದ ಸಂಕೇತ ಒಳಬಂದು ಹೊರಹೋಗುವ) ಎರಡು ಪ್ಯಾಡು ಇನ್ನೊಂದು ಕರ್ಣದಲ್ಲಿ ಇರುವುದರಿಂದ, ಈ ಅದಲುಬದಲು ಮರೆತರೆ ಐದು ವೋಲ್ಟ್ ನೇರವಾಗಿ ಡೇಟಾ ಕಾಲಿಗೆ ಹೋಗುತ್ತದೆ. ಮಗುಚಿದ ಚಿತ್ರವನ್ನು ಕಾಗದದಲ್ಲಿ ಬರೆದು ಟೈಲ್ಸಿನ ಪಕ್ಕ ಅಂಟಿಸಿಕೊಳ್ಳಿ. ಕೈ ನಡುಗುವವರು ಹಠ ಮಾಡದೆ, ಕಾಲುಗಳಿರುವ ಎಸ್‌ಕೆ6812 ಮಿನಿ-ಇ ಎಂಬ ಎಲ್‌ಇಡಿ ತರಿಸಿಕೊಳ್ಳಬಹುದು.

ವಿದ್ಯುತ್ತಿಗೂ ಆ 36 ಗೇಜಿನ ತಂತಿಯನ್ನೇ ಎಳೆದಿದ್ದೀರಿ, ಅದನ್ನು ಬದಲಿಸಲೇಬೇಕು. ಅದಕ್ಕೆ ಮೀಟರಿಗೆ ಸುಮಾರು 0.6 ಓಮ್ ರೋಧವಿದೆ. ಒಂದು ಮೀಟರ್ ಹೋಗಿ ಬರುವ ದಾರಿಯಲ್ಲಿ 1 ಆಂಪಿಯರ್ ಹರಿದರೆ 1.2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ತುದಿಯ ಬಿಳಿ ಬಣ್ಣ ಕೆಂಪಗಾಗುತ್ತದೆ. ಎಲ್‌ಇಡಿಯ ಮೂರು ಬಣ್ಣಗಳಲ್ಲಿ ಒಂದೊಂದಕ್ಕೆ 12 ಮಿಲಿಆಂಪಿಯರ್ ಎಂದು ಹಿಡಿದರೂ 72 ಎಲ್‌ಇಡಿಗೆ ಪೂರ್ತಿ ಬಿಳಿಯಲ್ಲಿ ಎರಡೂವರೆ ಆಂಪಿಯರ್ ದಾಟುತ್ತದೆ, ಅದನ್ನು ಮಾಲೆಯನ್ನು ನಡೆಸುವ ಇಎಸ್‌ಪಿ32 ಬೋರ್ಡಿನ ಪಿನ್ನಿನಿಂದ ಎಳೆಯುವುದು ಬೋರ್ಡಿಗೆ ಮಾಡುವ ಅನ್ಯಾಯ. ವಿದ್ಯುತ್ತಿಗೆ 22 ಗೇಜಿನ ತಂತಿ ಎಳೆದು, ಬೇರೆ ಸಪ್ಲೈಯಿಂದ ಎರಡೂ ತುದಿಗೆ ಕೊಡಿ, ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಿ, ಪ್ರತಿ ಎಲ್‌ಇಡಿಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 36 ಗೇಜ್ ಡೇಟಾಕ್ಕೆ ಮಾತ್ರ ಇರಲಿ. ಬೋರ್ಡಿನಿಂದ ಬರುವ 3.3 ವೋಲ್ಟ್ ಡೇಟಾ ಹಲವು ಎಲ್‌ಇಡಿಗಳಿಗೆ ಗಡಿಯಲ್ಲಿರುತ್ತದೆ, ಡಬ್ಲ್ಯೂಎಸ್2812ಬಿ ಎಂಬ ಎಲ್‌ಇಡಿ 5 ವೋಲ್ಟಿನಲ್ಲಿ 3.5 ಕೇಳುತ್ತದೆ, ನಡುವೆ ಡೇಟಾವನ್ನು 5 ವೋಲ್ಟಿಗೆ ಏರಿಸುವ 74ಎಚ್‌ಸಿಟಿ125 ಚಿಪ್ ಒಂದನ್ನು ಇಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರತಿ ಎಲ್‌ಇಡಿ ಬಂದ ಡೇಟಾದಲ್ಲಿ ತನ್ನ ಪಾಲಿನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಿನವನಿಗೆ ದಾಟಿಸುವುದರಿಂದ, ಹದಿನೈದು ಕತ್ತಲಾದ ಮಾತ್ರಕ್ಕೆ ಸತ್ತದ್ದು ಅದೇ ಎಂದು ಹೇಳಲಾಗದು. ಹದಿನಾಲ್ಕು ತಾನು ಉರಿಯುತ್ತಲೇ ದಾಟಿಸುವುದನ್ನು ನಿಲ್ಲಿಸಿರಬಹುದು. ವಿದ್ಯುತ್ ತೆಗೆದು, ಹದಿನೈದರ ಎರಡೂ ಡೇಟಾ ತಂತಿಗಳನ್ನು ಬಿಡಿಸಿ, ಹದಿನಾಲ್ಕರ ಔಟ್‌ಪುಟ್ಟಿನಿಂದ ಹದಿನಾರರ ಇನ್‌ಪುಟ್ಟಿಗೆ ನೇರ ತಂತಿ ಹಾಕಿ ಹಚ್ಚಿ ನೋಡಿ. ಹದಿನಾರು ಹತ್ತಿದರೆ ಹದಿನೈದು ಸತ್ತಿದೆ. ಹತ್ತದಿದ್ದರೆ ಹದಿಮೂರರಿಂದ ಹದಿನಾರಕ್ಕೆ ಹಾಕಿ ನೋಡಿ. ಆಗ ಹತ್ತಿದರೆ ಹದಿನಾಲ್ಕರ ಮೇಲೆ ಅನುಮಾನ, ಆಗಲೂ ಹತ್ತದಿದ್ದರೆ ಹದಿನಾರೂ ಹೋಗಿದೆ ಎಂದು ತಿಳಿದು ಹದಿನೇಳಕ್ಕೆ ಹೋಗಿ. ಫಲವನ್ನು ಇಲ್ಲಿ ಬರೆಯಿರಿ, ಜೊತೆಗೆ ಬದಲಿಸಿ ತೆಗೆದ ಆ ಮೂರು ಎಲ್‌ಇಡಿಗಳನ್ನು ಎಸೆಯದೆ, ಹಗಲು ಬೆಳಕಿನಲ್ಲಿ ಲೆನ್ಸ್ ಹಿಡಿದು ತೆಗೆದ ಫೋಟೋ ಹಾಕಿ. ರೀಲನ್ನು ಮಾತ್ರ ಇವತ್ತೇ ಗೋಡೆಯಿಂದ ಇಳಿಸಿ.