ಮುಂಬಯಿ ಮುಲುಂಡ್‌ನ ಹಳೆಯ ಒನ್ ಬಿಎಚ್‌ಕೆ: ಮಾರುವ ಮುಂಚೆ ಏನು ಮಾಡಿಸಬೇಕು, ಎಷ್ಟು ಹೇಳಬೇಕು?

ಇಪ್ಪತ್ತೈದು ವರ್ಷದ ಫ್ಲಾಟಿಗೆ ಎರಡು ಲಕ್ಷ ಸುರಿದು ಕಿಚನ್ ಹೊಸದು ಮಾಡಿಸಿದರೆ ರೇಟು ಏರುತ್ತದೆಯೇ ಎಂದು ಕೇಳಿದ್ದೀರಿ. ಮಾಡಿಸಬೇಡಿ. ಅಷ್ಟು ಹಳೆಯ ಮನೆ ಕೊಳ್ಳುವವರು ಹೇಗೂ ಒಡೆಸಿ ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಾರೆ. ನಿಮ್ಮ ಗ್ರಾನೈಟಿಗೆ ಯಾರೂ ಕಾಸು ಕೊಡುವುದಿಲ್ಲ. ಅವರು ಬೆಲೆ ಜಗ್ಗುವುದು ಒದ್ದೆ ಗೋಡೆ ಮತ್ತು ಸಿಗದ ಕಾಗದ ನೋಡಿ.

ಬಾತ್‌ರೂಮಿಗೆ ತಾಗಿದ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಉಪ್ಪು ಉದುರುತ್ತಿದೆ ಎಂದಿದ್ದೀರಲ್ಲ, ದುಡ್ಡು ಅಲ್ಲಿ ಹಾಕಿ. ಅದರ ಮೇಲೇ ಪುಟ್ಟಿ ಬಳಿದರೆ ಮತ್ತೆ ಉಬ್ಬುವುದು ಖಂಡಿತ. ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ಏಜೆಂಟನೇ ಮೊದಲು ಬೆರಳಿನಿಂದ ಬಡಿದು ನೋಡುತ್ತಾನೆ. ಕೆಳಗಿನ ಮನೆಯವರಿಗೆ ಹೇಳಿ, ಬಾತ್‌ರೂಮಿನ ನಹನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲಿ ಕಿಂಡಿ) ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ನೀರು ಎದ್ದು ಕಾಣುವಷ್ಟು ಇಳಿದರೆ ಸೋರುತ್ತಿರುವುದು ಟೈಲ್ಸ್ ಸಂದು ಅಥವಾ ಟ್ರ್ಯಾಪಿನ ಸುತ್ತ. ಇಳಿಯದಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ, ಪ್ಲಂಬರನ್ನು ಕರೆಸಿ. ಸಂದು ಆಗಿದ್ದರೆ ಹಳೆ ಸಿಮೆಂಟ್ ಕೆರೆಸಿ ಎಪಾಕ್ಸಿ ಗ್ರೌಟ್ ತುಂಬಿಸಿ.

ಆಮೇಲೆ ಪ್ಲಾಸ್ಟರ್ ಕಾಣುವ ತನಕ ಗೋಡೆ ಕೆರೆಸಿ, ಎರಡು-ಮೂರು ವಾರ ಹಾಗೇ ಒಣಗಲು ಬಿಡಿ. ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ರಾತ್ರಿಯಿಡೀ ಅಂಟಿಸಿಡಿ. ಬೆಳಿಗ್ಗೆ ಒಳಬದಿ ಹನಿ ಕಟ್ಟಿದ್ದರೆ ಪೇಂಟರನ್ನು ಇನ್ನೂ ಕರೆಯಬೇಡಿ. ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ, ಅಕ್ಟೋಬರ್ ಬಿಸಿಲೇ ಬೇಕು. ಹೇಗೂ ಪಿತೃಪಕ್ಷದಲ್ಲಿ ಟೋಕನ್ ಅಡ್ವಾನ್ಸ್ ಕೊಡುವವರು ಕಡಿಮೆ.

ಕಾಗದದಲ್ಲಿ ಬಿಲ್ಡರಿನಿಂದ ನಿಮ್ಮವರೆಗಿನ ಎಲ್ಲ ಅಗ್ರಿಮೆಂಟುಗಳು, ರಿಜಿಸ್ಟ್ರೇಷನ್ ರಶೀದಿ, ಹೌಸಿಂಗ್ ಸೊಸೈಟಿ ನಿಮ್ಮ ಹೆಸರಿಗೆ ಕೊಟ್ಟ ಶೇರ್ ಸರ್ಟಿಫಿಕೇಟ್ ಇರಲಿ. ತೀರಿಕೊಂಡ ತಂದೆಯವರ ಮನೆಯಾದರೆ ನಾಮಿನಿ ಆದಷ್ಟಕ್ಕೇ ಮಾಲೀಕರಾಗುವುದಿಲ್ಲ. ಅಕ್ಕತಂಗಿಯರೂ ಸೇರಿ ಉಳಿದ ವಾರಸುದಾರರ ರಿಲೀಸ್ ಡೀಡ್ (ಹಕ್ಕು ಬಿಟ್ಟುಕೊಟ್ಟ ಪತ್ರ) ಇಲ್ಲದಿದ್ದರೆ ಕೊಳ್ಳುವವರ ಬ್ಯಾಂಕ್ ಲೋನ್ ಅಲ್ಲೇ ನಿಲ್ಲುತ್ತದೆ. ಸೊಸೈಟಿ ಟ್ರಾನ್ಸ್‌ಫರ್ ಪ್ರೀಮಿಯಂ (ಮನೆ ಬೇರೆಯವರ ಹೆಸರಿಗೆ ಮಾಡಲು ಸೊಸೈಟಿ ಕೇಳುವ ಹಣ) ಮುಂಬಯಿಯಲ್ಲಿ 25,000 ರೂಪಾಯಿ ದಾಟುವಂತಿಲ್ಲ. "ಡೊನೇಷನ್" ಹೆಸರಲ್ಲಿ ಹೆಚ್ಚು ಕೇಳಿದರೆ ಲಿಖಿತವಾಗಿ ಕೊಡಿ ಎನ್ನಿ.

ಇನ್ನು ಬೆಲೆ. ಪ್ರಾಪರ್ಟಿ ಪೋರ್ಟಲಿನಲ್ಲಿರುವುದು ಜನ ಕೇಳುತ್ತಿರುವ ರೇಟು, ಸಿಕ್ಕಿದ ರೇಟಲ್ಲ. ಮಹಾರಾಷ್ಟ್ರ ನೋಂದಣಿ ಇಲಾಖೆಯ ಇ-ಸರ್ಚಿನಲ್ಲಿ ವರ್ಷ, ಗ್ರಾಮ, ಸಿಟಿಎಸ್ ನಂಬರ್ (ನಗರದ ಜಾಗದ ಸರ್ವೆ ನಂಬರ್) ಹಾಕಿ ನಿಮ್ಮದೇ ಕಟ್ಟಡದ ಇಂಡೆಕ್ಸ್-2 (ನೋಂದಾಯಿತ ಮಾರಾಟದ ಸಾರಾಂಶ) ತೆಗೆಯಿರಿ. ನೋಂದಾಯಿತ ಮೊತ್ತ ಅದರಲ್ಲಿದೆ. ಅಲ್ಲಿನ ಚದರ ಮೀಟರ್ ಕಾರ್ಪೆಟ್ಟೋ (ಗೋಡೆಯೊಳಗಿನ ನೆಲ) ಬಿಲ್ಟ್-ಅಪ್ಪೋ (ಗೋಡೆಗಳೂ ಸೇರಿ) ನೋಡಿಕೊಳ್ಳಿ. ಪಕ್ಕದ ಮನೆ 84 ಲಕ್ಷಕ್ಕೆ ಹೋಗಿದೆ, ಕಾರ್ಪೆಟ್ 37.16 ಚದರ ಮೀಟರ್ ಎನ್ನಿ: 10.764ರಿಂದ ಗುಣಿಸಿದರೆ 400 ಚದರಡಿ, ರೇಟು 21,000. ಅದನ್ನೇ ಆ ಮನೆಯ 480 ಚದರಡಿ ಬಿಲ್ಟ್-ಅಪ್‌ನಿಂದ ಭಾಗಿಸಿ 17,500 ಎಂದುಕೊಂಡು ನಿಮ್ಮ 400 ಕಾರ್ಪೆಟ್ಟಿಗೆ ಹಚ್ಚಿದರೆ 14 ಲಕ್ಷ ಹೋಯಿತು. ಏಜೆಂಟರು ಈ ಲೆಕ್ಕ ತಪ್ಪಿಸುವುದುಂಟು.

ಚೌಕಾಸಿಗೆ ಮೂರು-ನಾಲ್ಕು ಪರ್ಸೆಂಟ್ ಸಾಕು: 87 ಹೇಳಿ, 84ರಲ್ಲಿ ನಿಲ್ಲಿ. 91 ಎಂದು ಹಾಕಿದರೆ 90ರೊಳಗೆ ಹುಡುಕುವವರ ಕಣ್ಣಿಗೇ ಬೀಳುವುದಿಲ್ಲ. ರೆಡಿ ರೆಕನರ್ ಮೌಲ್ಯವನ್ನೂ (ಸ್ಟ್ಯಾಂಪ್ ಡ್ಯೂಟಿಗೆ ಸರ್ಕಾರ ಇಟ್ಟ ಬೆಲೆ) ನೋಡಿ. ಅಗ್ರಿಮೆಂಟ್ ಮೊತ್ತಕ್ಕಿಂತ ಅದು ಶೇ. 10ಕ್ಕೂ ಹೆಚ್ಚಿದ್ದರೆ ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭದ ಮೇಲಿನ ತೆರಿಗೆ) ಲೆಕ್ಕ ನಡೆಯುವುದು ರೆಕನರ್ ಮೌಲ್ಯದ ಮೇಲೆ. "ಸ್ವಲ್ಪ ಕ್ಯಾಶ್ ಕೊಡ್ತೀವಿ" ಎಂದು ಬರುವವರಿಗೆ ಆಗಲ್ಲ ಎಂದುಬಿಡಿ: 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ನಿಮಗೆ, ಅವರಿಗಲ್ಲ.