ಕೇಬಲ್ ಎಳೆಯುವ ಮುಂಚೆ, ಕಿತ್ತುಹೋದರೆ ಜಾಯಿಂಟ್ ಹಾಕುವವರು ಯಾರು?

ಪ್ರಶ್ನೆ: ಸಾರ್, ನಮ್ಮೂರಲ್ಲಿ 180 ಮನೆ ಇವೆ. ನಾನು ಡೇರಿ ಸೆಕ್ರೆಟರಿ. ಬೆಳಿಗ್ಗೆ ಹಾಲು ಹಾಕಿಸಿಕೊಳ್ಳುವಾಗ ಕಂಪ್ಯೂಟರ್‌ಗೆ ನೆಟ್ ಸಿಗಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳಲ್ಲ ಅಂತ ವಯಸ್ಸಾದವರು ಮೂರು ಮೂರು ಸಲ ಅಲೆಯುತ್ತಾರೆ. ಪಂಚಾಯ್ತಿ ಆಫೀಸಿನವರೆಗೆ ಫೈಬರ್ ಬಂದಿದೆ. ಅಲ್ಲಿಂದ ಊರಿಗೆ ಎರಡೂವರೆ ಕಿಲೋಮೀಟರ್. ಇಂಗ್ಲೆಂಡಿನಲ್ಲಿ ಹಳ್ಳಿಯವರೇ ಕಾಲುವೆ ತೋಡಿ ಫೈಬರ್ ಹಾಕಿಕೊಂಡಿದ್ದಾರೆ ಅಂತ ಓದಿದೆ. ನಾವೂ ಮಾಡಬಹುದಾ? ಡೇರಿ ಸಂಘದಿಂದಲೇ ಮಾಡಬಹುದಾ?
— ಡೇರಿ ಸೆಕ್ರೆಟರಿ, ಮದ್ದೂರು ತಾಲ್ಲೂಕು

ಉತ್ತರ: ಸೆಕ್ರೆಟರಿಯವರೇ, ಮಾಡಬಹುದು. ಆದರೆ ಮೊದಲು ನಾನೇ ನಿಮಗೆ ಒಂದು ಪ್ರಶ್ನೆ ಕೇಳುತ್ತೇನೆ. ಕೇಬಲ್ ಕಿತ್ತುಹೋದ ರಾತ್ರಿ ಜಾಯಿಂಟ್ ಹಾಕುವವರು ಯಾರು?

ಈ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ಮಂಡ್ಯ ಸುತ್ತಮುತ್ತ 30 ವರ್ಷ ಲೈನ್ ಕೆಲಸ ಮಾಡಿದವನು ನಾನು. ಮೊದಲು ತಾಮ್ರ, ಆಮೇಲೆ ಫೈಬರ್. ಒಂದು ಸಲ ಕಬ್ಬು ಕಡಿಯುವ ಕಾಲದಲ್ಲಿ, ಕೆ.ಎಂ. ದೊಡ್ಡಿ ಕಡೆ ಹೋಗುತ್ತಿದ್ದ ಟ್ರ್ಯಾಕ್ಟರ್‌ನಲ್ಲಿ ಕಬ್ಬು ಎತ್ತರಕ್ಕೆ ಹೇರಿದ್ದರು. ರಸ್ತೆಗೆ ಅಡ್ಡ ಜೋತುಬಿದ್ದಿದ್ದ ಕೇಬಲ್ ಕಬ್ಬಿನ ತುದಿಗೆ ಸಿಕ್ಕಿಕೊಂಡು ಎರಡು ಕಂಬದಷ್ಟು ದೂರ ಹೋಯಿತು. ನಾವು ಹೋದಾಗ ರಾತ್ರಿ ಒಂಬತ್ತು. ಒಳಗೆ 12 ಎಳೆ. ನೀಲಿ, ಕೇಸರಿ, ಹಸಿರು, ಕಂದು ಅಂತ ಒಂದೊಂದಕ್ಕೂ ಒಂದೊಂದು ಬಣ್ಣ. ಆ ಬಣ್ಣದ ಸಿಪ್ಪೆ ಸುಲಿದರೆ ಸಿಗುವ ಗಾಜು ತಲೆಕೂದಲಿಗಿಂತ ಒಂಚೂರು ದಪ್ಪ, 125 ಮೈಕ್ರಾನ್. ನೆಟ್ ಹೊತ್ತುಕೊಂಡು ಬೆಳಕು ಓಡಾಡುವುದು ಅದರ ನಟ್ಟನಡುವಿನ 9 ಮೈಕ್ರಾನ್‌ನಲ್ಲಿ. ಸ್ಪಿರಿಟ್ ಹಚ್ಚಿ ಒರೆಸಬೇಕು, ತುದಿಯನ್ನು ನೇರವಾಗಿ ಕತ್ತರಿಸಬೇಕು, ಮೆಷಿನ್‌ನಲ್ಲಿ ಎರಡೂ ತುದಿ ಎದುರುಬದುರು ಇಟ್ಟು ಕಿಡಿ ಕೊಡಬೇಕು. ಅವತ್ತು ಟಾರ್ಚ್ ಬೆಳಕಿಗೆ ದೀಪದ ಹುಳ ಬಂದು ಬಂದು ಮೆಷಿನ್ ಒಳಗೇ ಬೀಳುತ್ತಿದ್ದವು. ಕೊನೆಗೆ ಪಕ್ಕದ ಮನೆಯ ಅಜ್ಜಿಯೊಬ್ಬರು ಸೀರೆ ತಂದುಕೊಟ್ಟರು. ಅದನ್ನು ತಲೆ ಮೇಲೆ ಹೊದ್ದುಕೊಂಡು ಒಳಗೆ ಕೂತು ಜಾಯಿಂಟ್ ಹಾಕಿದೆವು. 12 ಎಳೆ ಮುಗಿಯುವಾಗ ರಾತ್ರಿ ಒಂದೂವರೆ ಆಗಿತ್ತು. ಆರನೇ ಎಳೆಗೆ ಸ್ಲೀವ್ ತೂರಿಸುವುದನ್ನು ಮರೆತು ಕಿಡಿ ಕೊಟ್ಟುಬಿಟ್ಟಿದ್ದೆ. ಜಾಯಿಂಟ್ ಮುರಿಯದ ಹಾಗೆ ಕಾಯುವ ಸಣ್ಣ ಕೊಳವೆ ಅದು, ಮೊದಲೇ ತೂರಿಸಿರಬೇಕು. ಕತ್ತರಿಸಿ ಮತ್ತೆ ಮೊದಲಿಂದ.

ನಿಮ್ಮ ಊರಿನಲ್ಲಿ ಇದನ್ನು ಮಾಡುವ ಇಬ್ಬರು ಬೇಕು. ಇಬ್ಬರೂ ಊರಿನವರೇ ಆಗಿರಬೇಕು, ಇಬ್ಬರಿಗೂ ತಿಂಗಳ ಸಂಬಳ ಇರಬೇಕು. ಐ.ಟಿ.ಐ. ಮಾಡಿ ಮನೆಯಲ್ಲಿ ಕೂತಿರುವ ಹುಡುಗ, ಹುಡುಗಿ ಯಾರಾದರೂ ಸರಿ. ಕೈ ನಡುಗದವರು, ಅವಸರ ಮಾಡದವರು ಸಿಕ್ಕರೆ ಕೆಲವೇ ವಾರದಲ್ಲಿ ಕಲಿಯುತ್ತಾರೆ. ಜಾಯಿಂಟ್ ಮೆಷಿನ್, ಬೆಳಕು ಅಳೆಯುವ ಪವರ್ ಮೀಟರ್ ಊರಿನದ್ದೇ ಇರಲಿ. ಇವರ ಸಂಬಳದ ಲೆಕ್ಕ ಕೂಡಿಬರದೆ ಗುದ್ದಲಿ ಮುಟ್ಟಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಪಂಚಾಯ್ತಿಗಳಿಗೆ ಬಂದ ಫೈಬರಿನ ಕಥೆ ನೋಡಿ. 2011ರಲ್ಲಿ ಶುರುವಾಗಿ ಆಮೇಲೆ ಭಾರತ್‌ನೆಟ್ ಅಂತ ಹೆಸರು ಪಡೆದ ಯೋಜನೆ ಅದು. ಬಹಳ ಕಡೆ ಕೇಬಲ್ ಎಳೆದದ್ದು ಮರದ ಕೊಂಬೆಯ ಹಾಗೆ. ಕೊಂಬೆ ಒಂದು ಕಡೆ ಮುರಿದರೆ ಅದರ ಆಚೆಯ ಎಲೆಗಳೆಲ್ಲ ಕತ್ತಲೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಎರಡು ಮಾತು ಸೇರಿಸಿದರು. ಕೇಬಲ್ ಬಳೆಯ ಹಾಗೆ ಸುತ್ತಿ ಬರಬೇಕು, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಬರಬೇಕು. ಮತ್ತೆ, 10 ವರ್ಷದ ನಿರ್ವಹಣೆಯೂ ಅದೇ ಯೋಜನೆಯೊಳಗೆ ಇರಬೇಕು. ಸರ್ಕಾರಕ್ಕೇ ಈ ಪಾಠ ಕಲಿಯೋಕೆ ಹನ್ನೆರಡು ವರ್ಷ ಬೇಕಾಯಿತು. ನೀವು ಮೊದಲ ಸಭೆಯಲ್ಲೇ ಇದನ್ನು ಮಾತಾಡಿಕೊಳ್ಳಿ.

ಇನ್ನು ನೀವು ಓದಿದ ಇಂಗ್ಲೆಂಡಿನ ಸಂಘ. ಅದು ಬಿ4ಆರ್‌ಎನ್, ಅಂದರೆ ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್. ಲ್ಯಾಂಕಾಶೈರ್ ಕಡೆಯ ಹಳ್ಳಿಗಳವರು 2011ರಲ್ಲಿ ಕಟ್ಟಿದ್ದು. ಕಟ್ಟಿದವರಲ್ಲಿ ಬ್ಯಾರಿ ಫೋರ್ಡ್ ವಿಶ್ವವಿದ್ಯಾಲಯದಲ್ಲಿ ನೆಟ್‌ವರ್ಕ್ ಕೆಲಸ ಬಲ್ಲವರು, ಕ್ರಿಸ್ ಕಾಂಡರ್ ರೈತರ ಮನೆಯ ಹೆಣ್ಣುಮಗಳು. ಊರಿನವರು ಷೇರು ಹಾಕಿ ದುಡ್ಡು ಕೂಡಿಸಿದರು. ರೈತರು ತಮ್ಮ ಹೊಲದಲ್ಲಿ ಕೊಳವೆ ಹಾಯಲು ಬಿಟ್ಟಿಯಾಗಿ ಜಾಗ ಬಿಟ್ಟರು, ಜನ ತಾವೇ ಕಾಲುವೆ ತೋಡಿದರು. ಮನೆಮನೆಗೆ ಸೆಕೆಂಡಿಗೆ 1 ಗಿಗಾಬಿಟ್, ಬರುವುದಕ್ಕೂ ಹೋಗುವುದಕ್ಕೂ ಅದೇ ವೇಗ. ನನಗೆ ಇದರಲ್ಲಿ ದೊಡ್ಡದು ಅನ್ನಿಸುವುದು ಆ ವೇಗ ಅಲ್ಲ, ರೈತರು ಜಾಗ ಬಿಟ್ಟದ್ದು. ನಮ್ಮಲ್ಲೂ ಬದುವಿನ ತಕರಾರು ಬಗೆಹರಿದರೆ ಅರ್ಧ ಕೆಲಸ ಆದ ಹಾಗೆ, ಅಲ್ವಾ?

ನಮ್ಮ ಕೈಲಿ ಆಗುತ್ತಾ ಅಂತ ಅನುಮಾನ ಬೇಡ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಒಂದು ಸಹಕಾರ ಸಂಘವೇ ಹಳ್ಳಿಗಳಿಗೆ ಕರೆಂಟ್ ಹಂಚುತ್ತಿದೆ. ಕರೆಂಟ್ ಹಂಚುವುದಕ್ಕಿಂತ ಬೆಳಕು ಹಂಚುವುದು ಕಷ್ಟವೇನಲ್ಲ.

ಆದರೆ ಡೇರಿ ಸಂಘದ ಹೆಸರಲ್ಲಿ ಮಾಡಬೇಡಿ. ಅದರ ಬೈಲಾ ಇರುವುದು ಹಾಲಿಗೆ. ಇಲ್ಲಿ ನಷ್ಟ ಬಂದರೆ ಹಾಲಿನ ದುಡ್ಡಿಗೆ ಕೈ ಹಾಕುವ ಪರಿಸ್ಥಿತಿ ಬರುತ್ತೆ. ಜೊತೆಗೆ, ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮನೆಮನೆಗೆ ಇಂಟರ್‌ನೆಟ್ ಮಾರುವ ಹಾಗಿಲ್ಲ. ಹಾಗಾಗಿ ಬೇರೆ ಸಂಘ ಕಟ್ಟಿ, ಲೈಸೆನ್ಸ್ ಇರುವವರ ಜೊತೆ ಆದಾಯ ಹಂಚಿಕೆ ಕರಾರು ಮಾಡಿಕೊಳ್ಳಿ. ಬಿ.ಎಸ್.ಎನ್.ಎಲ್. ಸ್ಥಳೀಯರ ಜೊತೆ ಹೀಗೆ ಕೆಲಸ ಮಾಡುತ್ತದೆ, ಭಾರತ್‌ನೆಟ್‌ನಲ್ಲೂ ಉದ್ಯಮಿ ಅನ್ನುವ ಪದ್ಧತಿ ಇದೆ. ಕರಾರಿನಲ್ಲಿ ಒಂದು ಸಾಲು ಮಾತ್ರ ಬಿಡಬೇಡಿ. ಊರೊಳಗಿನ ಕೊಳವೆ ಮತ್ತು ಕೇಬಲ್ ಊರಿನದ್ದು. ಆ ಕಂಪನಿ ಸರಿಹೋಗದಿದ್ದರೆ ನಾಳೆ ಇನ್ನೊಬ್ಬರನ್ನು ಕರೆಯಬಹುದು.

ಡೇರಿಯಿಂದ ಬೇಕಾದದ್ದು ಬೇರೆ ಎರಡು ಇದೆ. ಒಂದು, ಕಟ್ಟಡ. ನಿಮ್ಮಲ್ಲಿ ಯು.ಪಿ.ಎಸ್. ಇದ್ದೇ ಇರುತ್ತದೆ. ಬೆಳಕು ಹೊರಡುವ ದೊಡ್ಡ ಪೆಟ್ಟಿಗೆ, ಅಂದರೆ ಓ.ಎಲ್.ಟಿ., ಅಲ್ಲೇ ಇರಲಿ. ದಾರಿಯಲ್ಲಿ ಎಲ್ಲೂ ಕರೆಂಟ್ ಬೇಕಿಲ್ಲ, ಆ ಪೆಟ್ಟಿಗೆಗೆ ಮತ್ತು ಮನೆಯ ಪೆಟ್ಟಿಗೆಗೆ ಮಾತ್ರ ಬೇಕು. ಇನ್ನೊಂದು, ಬಟವಾಡೆ. ಒಪ್ಪಿ ಸಹಿ ಹಾಕಿದವರ ಹಾಲಿನ ಬಟವಾಡೆಯಲ್ಲೇ ನೆಟ್ಟಿನ ದುಡ್ಡು ಹಿಡಿದುಕೊಂಡರೆ ವಸೂಲಿಗೆ ಮನೆಮನೆ ತಿರುಗುವುದು ತಪ್ಪುತ್ತದೆ. ಊರವರ ನೆಟ್‌ಗಳು ನಿಲ್ಲುವುದು ಜಾಸ್ತಿ ಈ ವಸೂಲಿಯಲ್ಲೇ.

ಲೆಕ್ಕ ಹೇಳುತ್ತೇನೆ. ಓ.ಎಲ್.ಟಿ.ಯಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಗೆ ಪೋರ್ಟ್ ಅಂತಾರೆ, ಒಂದು ಪೋರ್ಟಿನ ಬೆಳಕನ್ನು 32 ಮನೆಗೆ ಹಂಚಬಹುದು. 180 ಮನೆಗೆ 6 ಪೋರ್ಟ್ ಸಾಕು, 8 ಪೋರ್ಟಿನ ಪೆಟ್ಟಿಗೆ ತನ್ನಿ. ಹಂಚುವಾಗ ಬೆಳಕು ಸುಮಾರು 17 ಡೆಸಿಬಲ್ (ಬೆಳಕಿನ ಬಲ ಕುಗ್ಗುವುದನ್ನು ಅಳೆಯುವ ಮಾಪು) ಕುಗ್ಗುತ್ತದೆ, ದೂರಕ್ಕೆ ಕುಗ್ಗುವುದು ಕಿಲೋಮೀಟರಿಗೆ 0.35ರಷ್ಟೇ. ಕೊನೆ ಮನೆಯಲ್ಲಿ ಮೀಟರ್ ಮೈನಸ್ 17ರಿಂದ ಮೈನಸ್ 20ರ ಆಸುಪಾಸು ತೋರಿಸಿದರೆ ಚೆನ್ನಾಗಿದೆ. ಮೈನಸ್ 27ಕ್ಕಿಂತ ಕೆಳಗಿಳಿದರೆ ಮನೆಯ ಪೆಟ್ಟಿಗೆಗೆ ಬೆಳಕು ಕಾಣಿಸಲ್ಲ. ಎಲ್ಲ ಮನೆಯ ಅಂಕಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ತೊಂದರೆ ಹುಡುಕಲು ಅದೇ ಆಧಾರ.

ನಾಲೆ ನೀರು ನಿಲ್ಲಿಸಿದ ಮೇಲೆ, ಬೇಸಿಗೆಯಲ್ಲಿ ತೋಡಿ. 3 ಅಡಿ ಆಳ ಇರಲಿ. ಗದ್ದೆ ಬದುವಿನಲ್ಲಿ ಏಡಿ, ಹೆಗ್ಗಣದ ಬಿಲ ಇರುತ್ತದೆ, ಕೇಬಲನ್ನು ಬರಿದೇ ಹೂಳದೆ ಕೊಳವೆಯೊಳಗೆ ಹಾಕಿ. ಕಬ್ಬಿನ ಗದ್ದೆ ಪಕ್ಕ ಕಂಬದ ಮೇಲೆ ಎಳೆದರೆ ತರಗಿಗೆ ಬೆಂಕಿ ಹಚ್ಚಿದ ದಿನ ಕರಗಿಹೋಗುತ್ತದೆ. ನಾಲೆ ದಾಟಲು ಕಾವೇರಿ ನೀರಾವರಿ ನಿಗಮ, ದೊಡ್ಡ ರಸ್ತೆಗೆ ಲೋಕೋಪಯೋಗಿ ಇಲಾಖೆ, ಕರೆಂಟ್ ಕಂಬಕ್ಕೆ ಸೆಸ್ಕ್, ಇವರ ಅನುಮತಿ ಬರವಣಿಗೆಯಲ್ಲೇ ಬೇಕು.

ಪ್ರಶ್ನೆ: ಮನೆಗೆ ಫೈಬರ್ ಬಂದು 4 ತಿಂಗಳಾಯಿತು. 100 ಎಂ.ಬಿ. ಅಂದಿದ್ದರು. ಆದರೆ ಹಿಂದಿನ ಕೋಣೆಯಲ್ಲಿ ಮಗಳ ಕ್ಲಾಸು ನಿಂತು ನಿಂತು ಬರುತ್ತದೆ. ಒಮ್ಮೊಮ್ಮೆ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತದೆ. ನಮ್ಮದು ಹಳೇ ತೊಟ್ಟಿ ಮನೆ.
— ಗೃಹಿಣಿ, ಟಿ. ನರಸೀಪುರ ತಾಲ್ಲೂಕು

ಉತ್ತರ: ಅಕ್ಕ, ಇವು ಎರಡು ಬೇರೆ ತೊಂದರೆ. ಕೆಂಪು ದೀಪ ಅಂದರೆ ಪೆಟ್ಟಿಗೆಗೆ ಬೆಳಕು ಬರುತ್ತಿಲ್ಲ ಅಂತ. ಆ ತೆಳು ತಂತಿಯನ್ನು ಮೊಳೆಗೆ ಸುತ್ತಿದ್ದಾರಾ, ಬಾಗಿಲ ಸಂದಿಗೆ ಸಿಕ್ಕಿದೆಯಾ ನೋಡಿ. ಚೂಪಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಬಳೆಯಷ್ಟು ಅಗಲವಾಗಿ ಸುತ್ತಿಡಿ. ತುದಿ ಬಿಚ್ಚಿ ಕಣ್ಣಿಟ್ಟು ಮಾತ್ರ ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ಹಾನಿ ಮಾಡಬಹುದು. ಹೀಗೆ ಮಾಡಿಯೂ ಕೆಂಪು ಬಂದರೆ ಮೀಟರ್ ತಂದು ಅಳೆಯಲು ಹೇಳಿ, ಅಂಕಿ ಕೇಳಿ ಬರೆದಿಟ್ಟುಕೊಳ್ಳಿ.

ಕ್ಲಾಸು ನಿಲ್ಲುವುದು ಬಹುಶಃ ವೈಫೈ. ಮಗಳನ್ನು ಒಂದು ದಿನ ಪೆಟ್ಟಿಗೆ ಪಕ್ಕದಲ್ಲೇ ಕೂರಿಸಿ ನೋಡಿ. ಅಲ್ಲಿ ಸರಿ ಇದ್ದರೆ ತಪ್ಪು ಗೋಡೆಗಳದ್ದು. ತೊಟ್ಟಿ ಮನೆಯ ಮಣ್ಣುಗೋಡೆ ಒಂದೂವರೆ ಅಡಿ ದಪ್ಪ ಇರುತ್ತದೆ, ಅದನ್ನು ದಾಟುವಷ್ಟರಲ್ಲಿ ವೈಫೈಗೆ ಉಸಿರೇ ಇರಲ್ಲ. ಪೆಟ್ಟಿಗೆ ಅಟ್ಟದ ಮೇಲೋ ಮೂಲೆಯಲ್ಲೋ ಇದ್ದರೆ ಅದನ್ನು ತೊಟ್ಟಿಯ ಪಡಸಾಲೆಯಲ್ಲಿ ಮಳೆ ಬೀಳದ ಕಡೆ ಇಡಿಸಿ. ನಾಲ್ಕೂ ಕಡೆ ಕೋಣೆಗೆ ಅದು ಬಯಲು.

ಪ್ರಶ್ನೆ: ನಮ್ಮದು ಕಾಡಂಚಿನ ಹಾಡಿ ಪಕ್ಕದ ಊರು. ಕಾಲುವೆ ತೋಡಲು ಬಿಡಲ್ಲ. ಬೇರೆ ದಾರಿ ಇದೆಯಾ?
— ಶಾಲಾ ಶಿಕ್ಷಕ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಇದೆ ಮೇಷ್ಟ್ರೇ. ಫೈಬರ್ ಇರುವ ಊರಿನಿಂದ ನಿಮ್ಮ ಶಾಲೆಯ ಮಾಳಿಗೆಗೆ 5 ಗಿಗಾಹರ್ಟ್ಸ್ ರೇಡಿಯೋ ಲಿಂಕ್ ಹಾಕಬಹುದು. ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ 2004ರಿಂದ ನಡೆಯುತ್ತಿರುವ ಗಿಫಿ.ನೆಟ್ (guifi.net) ಅನ್ನುವ ಊರವರ ಜಾಲವೂ ಹೀಗೆ ರೇಡಿಯೋದಲ್ಲೇ ಶುರುವಾಗಿ ಆಮೇಲೆ ಫೈಬರಿಗೆ ಬಂದದ್ದು. ಎರಡು ತುದಿಯ ನಡುವೆ ಮರದ ಒಂದು ಕೊಂಬೆಯೂ ಅಡ್ಡ ಇರಬಾರದು. ಬೇಸಿಗೆಯಲ್ಲಿ ಎಲೆ ಉದುರಿದಾಗ ಪರೀಕ್ಷೆ ಮಾಡಿದರೆ ಮೋಸಹೋಗುತ್ತೀರಿ, ಚಿಗುರಿದ ಮೇಲೆ ಸಿಗ್ನಲ್ ಬೀಳುತ್ತದೆ. ಆಗಸ್ಟ್‌ನಲ್ಲಿ, ಮಳೆ ಬರುವ ದಿನವೇ ನೋಡಿ. ಶಾಲೆಯಿಂದ ಊರವರಿಗೆ ವೈಫೈ ಹಂಚಲು ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆಯಾದ ಪಿಎಂ-ವಾಣಿ ಪದ್ಧತಿ ಸರಿಹೋಗುತ್ತದೆ. 2020ರ ಕೊನೆಗೆ ಬಂದದ್ದು. ಅಂಗಡಿಯವರೂ ಪಿ.ಡಿ.ಓ. (ಪಂಚಾಯ್ತಿಯ ಪಿ.ಡಿ.ಓ. ಅಲ್ಲ, ವೈಫೈ ಹಂಚುವ ಪಬ್ಲಿಕ್ ಡೇಟಾ ಆಫೀಸ್) ಆಗಬಹುದು, ಅವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಮಾಳಿಗೆ ಎತ್ತರ, ಎದುರಿನ ಊರಿಗಿರುವ ದೂರ, ನಡುವೆ ಯಾವ ಮರಗಳಿವೆ, ಇಷ್ಟು ಬರೆದು ಕಳಿಸಿ. ಕಂಬ ಎಷ್ಟು ಅಡಿ ಬೇಕು ಅಂತ ಮುಂದಿನ ಸಂಚಿಕೆಯಲ್ಲಿ ಲೆಕ್ಕ ಹಾಕಿ ಕೊಡುತ್ತೇನೆ.